ಧನುರ್ಮಾಸಕ್ಕೆ ಮುಂಚಿನ ಹಾಜರಿ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಅರಗುವ ಮೊದಲೇ ಮಗಳ ಹೈಸ್ಕೂಲಿನಿಂದ ಇಮೇಲ್ ಬಂದಿರುತ್ತದೆ. ಅದರ ಮೊದಲರ್ಧ ಬೆಣ್ಣೆ, ಉಳಿದರ್ಧ ಸುಣ್ಣ. ನಿಮ್ಮ ಸಹಕಾರಕ್ಕೆ ನಾವು ಎಷ್ಟು ಋಣಿಗಳು ಎಂದೆಲ್ಲ ಹೇಳಿ ಮುಗಿಸಿ, ಮೆಲ್ಲಗೆ ವಿಷಯಕ್ಕೆ ಬರುತ್ತಾರೆ. ಚಳಿಗಾಲದ ರಜೆ ಇಂಥ ಶನಿವಾರದಿಂದ, ಅದಕ್ಕಿಂತ ಒಂದು ದಿನವೂ ಮುಂಚೆ ಅಲ್ಲ. ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಅನ್ನುವುದು ಗೈರುಹಾಜರಿಗೆ ಕಾರಣವಾಗುವುದಿಲ್ಲ. ಫೈನಲ್ ಪರೀಕ್ಷೆಯನ್ನು ಒಂದು ವಾರ ಮುಂಚೆಯೇ ತೆಗೆದುಕೊಳ್ಳಿ ಎಂದು ಟೀಚರುಗಳಿಗೆ ದುಂಬಾಲು ಬೀಳಬೇಡಿ.

ಹೆಸರು ಹಾಕಿಲ್ಲ ಅಷ್ಟೆ, ಬರೆದಿರುವುದು ನಮ್ಮಂಥವರಿಗೇ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾವಿರುವ ಕಡೆ ಡಿಸೆಂಬರ್ ಬಂತೆಂದರೆ ಅರ್ಧ ಬೀದಿ ಬೆಂಗಳೂರು, ಹೈದರಾಬಾದು, ಚೆನ್ನೈ ಅಂತ ಸೂಟ್‌ಕೇಸ್ ತೂಕ ಹಾಕುತ್ತಿರುತ್ತದೆ. ಶಾಲೆ ಮುಚ್ಚುವ ಶುಕ್ರವಾರದ ಟಿಕೆಟ್ಟಿಗೂ ಅದಕ್ಕೆ ಹತ್ತು ದಿನ ಹಿಂದಿನ ಟಿಕೆಟ್ಟಿಗೂ ಇರುವ ವ್ಯತ್ಯಾಸವನ್ನು ಒಂದು ಸಂಸಾರಕ್ಕೆ ಗುಣಿಸಿ ನೋಡಿದರೆ, ಊರಲ್ಲಿ ಒಂದು ಜೊತೆ ಓಲೆ ಮಾಡಿಸಬಹುದು. ವಿಮಾನ ಕಂಪನಿಯವರ ಹತ್ತಿರ ಅಮೆರಿಕದ ಎಲ್ಲ ಶಾಲೆಗಳ ವೇಳಾಪಟ್ಟಿಯೂ ಇರುತ್ತದೆ ಅಂತ ನನ್ನ ಬಲವಾದ ನಂಬಿಕೆ.

ಆ ವರ್ಷ ನಮ್ಮನೆಯಲ್ಲಿ ಟಿಕೆಟ್ಟಿಗಿಂತ ದೊಡ್ಡ ಪ್ರಶ್ನೆ ಎದ್ದಿತು. ಹಾಸನದಲ್ಲಿ ಅಕ್ಕನ ಮಗಳ ಮದುವೆ. ಡಿಸೆಂಬರ್ 16ರ ಸುಮಾರಿಗೆ ಸೂರ್ಯ ಧನು ರಾಶಿಗೆ ಹೋದ ಮೇಲೆ ಸಂಕ್ರಾಂತಿಯವರೆಗೂ ನಮ್ಮವರಲ್ಲಿ ಲಗ್ನದ ಮಾತಿಲ್ಲ. ಹಾಗಾಗಿ ಪುರೋಹಿತರು ಇಟ್ಟುಕೊಟ್ಟ ಮುಹೂರ್ತ ಡಿಸೆಂಬರಿನ ಎರಡನೇ ವಾರದ್ದು. ಮಗಳ ಸೆಮಿಸ್ಟರ್ ಪರೀಕ್ಷೆ ಮೂರನೇ ವಾರದ್ದು. ಇಲ್ಲಿನ ಶಾಲೆಗಳಿಗೆ ರಜೆ ಸಿಗುವ ಹೊತ್ತಿಗೆ ಅಲ್ಲಿನ ಕಲ್ಯಾಣ ಮಂಟಪಗಳಿಗೂ ರಜೆ ಶುರುವಾಗಿರುತ್ತದೆ. ಈ ದೇಶದಲ್ಲಿ ಬೆಳೆದ ನಮ್ಮ ಮಕ್ಕಳು ಅಕ್ಕ-ಅಣ್ಣಂದಿರ ಮದುವೆಗಳನ್ನು ಫೋನಿನ ಪರದೆಯಲ್ಲೇ ನೋಡುತ್ತಾರಲ್ಲ, ಅದಕ್ಕೆ ದೂರ ಎಷ್ಟು ಕಾರಣವೋ ಪಂಚಾಂಗವೂ ಅಷ್ಟೇ ಕಾರಣ.

"ಕಳಸಗಿತ್ತಿ ಅವಳೇ ಅಂತ ಎಲ್ರಿಗೂ ಹೇಳ್ಬಿಟ್ಟಿದೀನಿ ಕಣೇ," ಅಂದಳು ಅಕ್ಕ. "ಒಂದು ವಾರ ಇಸ್ಕೂಲಿಗೆ ಹೋಗ್ದಿದ್ರೆ ನಿಮ್ಮ ಪ್ರೆಸಿಡೆಂಟ್ ಏನು ಮನೆ ಬಾಗಿಲಿಗೆ ಬಂದ್ಬಿಡ್ತಾನಾ?"

"ಪ್ರೆಸಿಡೆಂಟ್ ಬರಲ್ಲ ಕಣಕ್ಕ, ಕಂಪ್ಯೂಟರ್ ಫೋನ್ ಮಾಡುತ್ತೆ."

ತಮಾಷೆಗೆ ಹೇಳಿದ್ದಲ್ಲ. ಆರು ಪೀರಿಯಡ್ಡುಗಳಲ್ಲಿ ಒಂದಕ್ಕೆ ಹಾಜರಿ ಬೀಳದಿದ್ದರೂ ಸಾಕು, ಸಂಜೆ ನಾನು ಒಗ್ಗರಣೆಗೆ ಎಣ್ಣೆ ಇಡುವ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಳ್ಳುತ್ತದೆ. ಮುದ್ರಿಸಿಟ್ಟ ದನಿ ಎಲ್ಲವನ್ನೂ ಸ್ಪಷ್ಟವಾಗಿ ಹೇಳುತ್ತದೆ, ಮಗಳ ಹೆಸರೊಂದನ್ನು ಬಿಟ್ಟು. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಸರಿಯಾದ ಕಾರಣವಿಲ್ಲದೆ ವರ್ಷದಲ್ಲಿ ಮೂರು ಪೂರ್ತಿ ದಿನ ಶಾಲೆ ತಪ್ಪಿಸಿದರೆ, ಇಲ್ಲವೇ ಮೂರು ಸಲ ಅರ್ಧ ಗಂಟೆಗಿಂತ ಹೆಚ್ಚು ತಡವಾಗಿ ಹೋದರೆ, ಆ ಮಗು ಚಕ್ಕರ್ ಹೊಡೆಯುವವರ ಪಟ್ಟಿಗೆ ಸೇರುತ್ತದೆ. ಇನ್ನೊಂದು ಪಟ್ಟಿ ಇದೆ, ಅದು ಕಾರಣವನ್ನೇ ಕೇಳುವುದಿಲ್ಲ. ಜ್ವರವೋ ಮದುವೆಯೋ ಸೋಮಾರಿತನವೋ, ಒಟ್ಟು ದಿನಗಳಲ್ಲಿ ಹತ್ತನೇ ಒಂದು ಪಾಲು, ಅಂದರೆ 180 ದಿನದ ವರ್ಷದಲ್ಲಿ 18 ದಿನ ಹೋಗದಿದ್ದರೆ ಅದರಲ್ಲಿ ಹೆಸರು ಬಿತ್ತು. ಕೋವಿಡ್‌ಗೆ ಮುಂಚೆ ಈ ರಾಜ್ಯದ ಮಕ್ಕಳಲ್ಲಿ ನೂರಕ್ಕೆ 12ರಷ್ಟು ಜನ ಆ ಪಟ್ಟಿಯಲ್ಲಿದ್ದರು. 2021-22ರಲ್ಲಿ ಅದು 30ಕ್ಕೆ ಏರಿತು. ಆಮೇಲೆ ಇಳಿಯುತ್ತಾ ಬಂದಿದ್ದರೂ ಹೆಡ್ಮಾಸ್ಟರುಗಳ ಎದೆ ಇನ್ನೂ ನಿರಾಳವಾಗಿಲ್ಲ. ಹಾಗಾಗಿ ಇಮೇಲುಗಳ ದನಿ ಮೊದಲಿಗಿಂತ ಬಿಗಿ.

ಆದರೆ ಆ ಇಮೇಲ್ ಹೇಳದೆ ಬಿಡುವ ಒಂದು ಸಂಗತಿ ಇದೆ. ದುಡ್ಡಿನದು. ಇಲ್ಲಿನ ಹೆಚ್ಚಿನ ಸರ್ಕಾರಿ ಶಾಲೆಗಳಿಗೆ ರಾಜ್ಯ ಕೊಡುವ ಹಣ ದಾಖಲಾದ ಮಕ್ಕಳ ತಲೆ ಎಣಿಸಿ ಬರುವುದಿಲ್ಲ, ದಿನದಿನವೂ ಬಂದು ಕೂತವರ ಸರಾಸರಿಯ ಮೇಲೆ ಬರುತ್ತದೆ. ಟೆಕ್ಸಸ್ಸಿನಲ್ಲೂ ಹೀಗೇ. ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಜ್ವರದ ಚೀಟಿ ತಂದ ಮಗುವನ್ನು ಬಂದವರ ಲೆಕ್ಕಕ್ಕೇ ಸೇರಿಸಿ ಹಣ ಕೊಡುತ್ತಿದ್ದರು. 1998-99ರ ಶಾಲಾ ವರ್ಷದಿಂದ ಅದೂ ನಿಂತಿತು. ಈಗ ಕಾರಣ ಎಷ್ಟೇ ನ್ಯಾಯವಾಗಿರಲಿ, ಕುರ್ಚಿ ಖಾಲಿಯಾದರೆ ಆ ದಿನದ ಬಾಬ್ತು ಖೋತಾ. ಇನ್ನೂ ಒಂದು ಸ್ವಾರಸ್ಯವಿದೆ. ವರ್ಷದ ಮುಖ್ಯ ಲೆಕ್ಕಕ್ಕೆ ಹಿಡಿಯುವುದು ಏಪ್ರಿಲ್ 15ರ ಒಳಗೆ ಮುಗಿಯುವ ಶಾಲಾ ತಿಂಗಳುಗಳನ್ನು ಮಾತ್ರ. ಮೇ ತಿಂಗಳ ಗೈರುಹಾಜರಿಗೆ ಇಲ್ಲದ ಬಿಸಿ ಡಿಸೆಂಬರಿನದಕ್ಕೆ ಯಾಕೆ ಅಂತ ತಿಳಿಯಬೇಕಾದರೆ ಇಷ್ಟು ಗೊತ್ತಿದ್ದರೆ ಸಾಕು. ಮನೆಗಳ ಬೆಲೆ ಆಕಾಶಕ್ಕೆ ಹತ್ತಿದ ಕೆಲವು ಊರುಗಳಲ್ಲಿ ಆಸ್ತಿ ತೆರಿಗೆಯೇ ಶಾಲೆಗಳಿಗೆ ಬೇಕಾದಷ್ಟಾಗಿ ಮಿಗುತ್ತದೆ. ಅವರಿಗೆ ಈ ಸರಾಸರಿಯ ಹಂಗಿಲ್ಲ. ಅಲ್ಲಿನ ಪಾಲಕರಿಗೂ ಡಿಸೆಂಬರಿನಲ್ಲಿ ಇಮೇಲ್ ಹೋಗುತ್ತದೆ ಅನ್ನುವುದು ಬೇರೆ ಮಾತು.

ಕಲಿಕೆಗೆ ನಷ್ಟ, ಕಲಿಕೆಗೆ ನಷ್ಟ ಅಂತ ನಾಲ್ಕು ಸಲ ಬರೆಯುವ ಬದಲು, 'ನೋಡಿ, ನಿಮ್ಮ ಮಗು ಬರದಿದ್ದರೆ ನಮ್ಮ ಲೈಬ್ರರಿಯವರ ಸಂಬಳಕ್ಕೆ ಕುತ್ತು' ಅಂತ ನೇರವಾಗಿ ಬರೆದರೆ ನಮ್ಮ ಜನ ಹೆಚ್ಚು ಗೌರವ ಕೊಡುತ್ತಾರೇನೋ. ಲೆಕ್ಕಾಚಾರ ನಮಗೆ ಚೆನ್ನಾಗಿ ಅರ್ಥವಾಗುವ ಭಾಷೆ.

ಅಕ್ಕನ ಒತ್ತಾಯ ತಡೆಯಲಾರದೆ ಒಂದು ಬೆಳಗ್ಗೆ ಶಾಲೆಯ ಅಟೆಂಡೆನ್ಸ್ ಆಫೀಸಿಗೆ ಹೋದೆ. ಒಂದು ಗಾಜಿನ ಕಿಟಕಿ, ಅದರ ಮುಂದೆ ದಾರ ಕಟ್ಟಿದ ಪೆನ್ನು, ತಡವಾಗಿ ಬಂದ ಮಕ್ಕಳ ಸಾಲು. ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳು ಬೆಳಗ್ಗೆ ಎಂಟೂವರೆಗೆ ಮುಂಚೆ ಶುರುವಾಗಕೂಡದು ಅಂತ 2022ರಿಂದ ಕಾನೂನೇ ಇದೆ, ಮಕ್ಕಳು ಚೆನ್ನಾಗಿ ನಿದ್ದೆ ಮಾಡಲಿ ಅಂತ. ಆ ಸಾಲು ನೋಡಿದರೆ ನಿದ್ದೆ ಇನ್ನೂ ಸಾಲದಾಗಿರುವಂತೆ ಕಂಡಿತು. ನನ್ನ ಮುಂದೆ ಒಬ್ಬ ಮೆಕ್ಸಿಕನ್ ತಾಯಿ ನಿಂತಿದ್ದರು. ಅವರ ತವರಿನಲ್ಲಿ ಡಿಸೆಂಬರ್ 16ರಿಂದ ಕ್ರಿಸ್‌ಮಸ್ ಹಿಂದಿನ ರಾತ್ರಿಯವರೆಗೆ ಪೊಸಾದಾಸ್ ಹಬ್ಬವಂತೆ, ಮನೆಮನೆಗೆ ಮೆರವಣಿಗೆ ಹೋಗಿ ತಂಗಲು ಜಾಗ ಕೇಳುವುದಂತೆ. ನಮ್ಮ ಧನುರ್ಮಾಸ ಹಿಡಿಯುವ ಹೊತ್ತಿಗೇ ಅವರ ಹಬ್ಬ ಹಿಡಿಯುತ್ತದೆ, ಇಬ್ಬರಿಗೂ ಅಡ್ಡ ಬರುವುದು ಅದೇ ಫೈನಲ್ ಪರೀಕ್ಷೆ. ಅವರ ಹುಡುಗ ಒಂಬತ್ತನೇ ಕ್ಲಾಸಂತೆ. ಅಜ್ಜಿಗೆ ತೊಂಬತ್ತಾಗಿದೆ, ಮುಂದಿನ ವರ್ಷ ಅಂತ ಹೇಳೋಕಾಗಲ್ಲ ಅಂದರು.

ಕಿಟಕಿಯ ಆಚೆಗಿದ್ದಾಕೆ ಬಹಳ ತಾಳ್ಮೆಯವರು. ರಾಜ್ಯದ ಶಿಕ್ಷಣ ಸಂಹಿತೆಯಲ್ಲಿ ಒಪ್ಪಬಹುದಾದ ಕಾರಣಗಳ ಪಟ್ಟಿಯೇ ಇದೆ: ಕಾಯಿಲೆ, ಡಾಕ್ಟರ ಭೇಟಿ, ಹತ್ತಿರದವರ ಅಂತ್ಯಕ್ರಿಯೆ, ಧಾರ್ಮಿಕ ಹಬ್ಬ, ವಿದ್ಯಾರ್ಥಿಗೇ ಪೌರತ್ವ ಸಿಗುವ ಸಮಾರಂಭ, ಹೀಗೆ. 2022ರ ಜನವರಿಯಿಂದ ಸಾಂಸ್ಕೃತಿಕ ಸಮಾರಂಭವೂ ಸೇರಿದೆ. ಒಂದು ಜನಸಮುದಾಯದ ರೂಢಿ, ಆಚಾರ, ನಂಬಿಕೆ, ಸಂಪ್ರದಾಯಕ್ಕೆ ಸಂಬಂಧಿಸಿದ್ದು ಅನ್ನುವುದು ಅದರ ವಿವರಣೆ. ಅಕ್ಕನ ಮನೆ ಮದುವೆಗೆ ಇದಕ್ಕಿಂತ ಒಳ್ಳೆಯ ವಿವರಣೆ ಇನ್ನೇನು ಬೇಕು? ನನಗೆ ಉತ್ಸಾಹ ಬಂತು.

"ಮದುವೆ ಯಾವ ದಿನ?" ಅಂತ ಕೇಳಿದರು.

ಚಪ್ಪರದಿಂದ ಹಿಡಿದು ಬೀಗರೂಟದವರೆಗೆ ಹೇಳಿದೆ. ಅವರು ಬೆರಳು ಮಡಿಸಿ, ಒಂದೆರಡು ದಿನ ಒಪ್ಪಬಹುದು, ಉಳಿದದ್ದು ಪ್ರಯಾಣ, ಅದು ಸಮಾರಂಭವಲ್ಲ ಅಂದರು. ಭೂಮಿಯ ಆ ಕಡೆಗೆ ಹೋಗಿ ಬರುವುದೇ ಒಂದು ಸಮಾರಂಭ ಅಂತ ಅವರಿಗೆ ಹೇಗೆ ಹೇಳುವುದು! ಇನ್ನೊಂದು ದಾರಿಯನ್ನೂ ತೋರಿಸಿದರು. ಮೊದಲೇ ಒಪ್ಪಂದಕ್ಕೆ ಸಹಿ ಹಾಕಿ, ಪ್ರತಿಯೊಬ್ಬ ಟೀಚರಿಂದ ಮನೆಗೆಲಸ ಬರೆಸಿಕೊಂಡು ಹೋಗಿ, ಮಾಡಿ ತಂದು ಒಪ್ಪಿಸಿದರೆ ಅದಕ್ಕೆ ಹಾಜರಿ ಸಿಗುತ್ತದೆ, ಶಾಲೆಗೆ ಹಣವೂ ಬರುತ್ತದೆ. ಪರೀಕ್ಷೆ ಇರುವ ವಾರಕ್ಕೆ ಮಾತ್ರ ಅದು ನಡೆಯುವುದಿಲ್ಲ. ಪರೀಕ್ಷೆಯನ್ನು ಜನವರಿಯಲ್ಲಿ ಬರೆಯಬೇಕಾಗುತ್ತದೆ. ನಾನು ಆ ಹಾಳೆಯನ್ನು ಮಡಚಿ ಮನೆಗೆ ತಂದೆ.

ಮಗಳು ಅದನ್ನು ಓದಿ ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿದಳು. ಸಹಿ ಹಾಕಲಿಲ್ಲ. ಅವಳು ಹನ್ನೊಂದನೇ ಕ್ಲಾಸು, ಕಾಲೇಜಿನವರು ಎಲ್ಲಕ್ಕಿಂತ ಹೆಚ್ಚು ಕಣ್ಣಿಟ್ಟು ನೋಡುವ ಅಂಕಗಳು ಈ ವರ್ಷದವು. "ಕೆಮಿಸ್ಟ್ರಿನ ಜನವರಿವರೆಗೂ ತಲೇಲಿ ಹೊತ್ಕೊಂಡು ಓಡಾಡಲ್ಲಮ್ಮ," ಅಂದಳು. ಈಗ ಇಲ್ಲಿನ ಬಹಳ ಶಾಲೆಗಳು ಆಗಸ್ಟ್ ನಡುವಿಗೇ ಬಾಗಿಲು ತೆಗೆಯುವುದು, ರಜೆಗೆ ಮುಂಚೆ ಸೆಮಿಸ್ಟರ್ ಮುಗಿದು ಮಕ್ಕಳು ಪುಸ್ತಕ ಮುಚ್ಚಿಟ್ಟು ಹಾಯಾಗಿರಲಿ ಅಂತಲೇ. ಅದನ್ನು ಬಿಟ್ಟುಕೊಡಲು ಅವಳು ತಯಾರಿಲ್ಲ. ಅಷ್ಟೇ ಅಲ್ಲ, ಪರೀಕ್ಷೆಯ ಹಿಂದಿನ ವಾರ ಪೈಜಾಮ ಹಾಕಿಕೊಂಡು ಹೋಗುವ ದಿನವಂತೆ, ವಿಕಾರವಾದ ಸ್ವೆಟರ್ ಹಾಕಿಕೊಂಡು ಹೋಗುವ ದಿನವಂತೆ, ಗುರುವಾರ ರಾತ್ರಿ ಕ್ವಾಯರ್ ತಂಡದ ಗಾಯನವಂತೆ, ಎರಡನೇ ಸಾಲಿನಲ್ಲಿ ಇವಳಂತೆ. ನಾನು ಶಾಲೆಯ ಜೊತೆ ವಾದ ಮಾಡಲು ತಯಾರಾಗಿ ಕೂತಿದ್ದೆ. ಶಾಲೆ ನನ್ನ ಮನೆಯಲ್ಲೇ ಇತ್ತು.

ನಮ್ಮ ಕಾಲದ ಹೈಸ್ಕೂಲು ನೆನಪಾಯಿತು. ಹಾಸನ ಜಿಲ್ಲೆಯಲ್ಲಿ ಡಿಸೆಂಬರ್ ಅಂದರೆ ರಾಗಿ ಕಣದ ಕಾಲ, ಸಕಲೇಶಪುರದ ಕಡೆ ಕಾಫಿ ಹಣ್ಣು ಕೊಯ್ಯುವ ಕಾಲ. ಹಿಂದಿನ ಬೆಂಚುಗಳು ತಾವಾಗಿ ಖಾಲಿಯಾಗುತ್ತಿದ್ದವು. ಮೇಷ್ಟ್ರು ಹಾಜರಿ ಪುಸ್ತಕ ತೆಗೆದು ಹೆಸರು ಕೂಗಿದರೆ ಬರದವನ ಪರವಾಗಿ ಯಾರೋ ಎದ್ದು, "ಅವ್ನು ಒಕ್ಕಣೆಗೆ ಹೋಗವ್ನೆ ಸಾರ್" ಅನ್ನುತ್ತಿದ್ದರು. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, ಪೆನ್ನು ಎತ್ತಿ, ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದು, ಮುಂದಿನ ಹೆಸರಿಗೆ ಹೋಗುತ್ತಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ನೂರಕ್ಕೆ 75 ಹಾಜರಿ ಬೇಕು. ಆ ಗಾಳಿಯಲ್ಲಿ ನಿಂತ ಪೆನ್ನಿನಿಂದ ಎಷ್ಟು ಜನ ದಡ ಸೇರಿದರೋ. ಮನೆಯಲ್ಲಿ ಮದುವೆಯಾದರಂತೂ ಕೇಳುವುದೇ ಬೇಡ. 'ಈ ಮೂಲಕ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ' ಅಂತ ಶುರುವಾಗುವ ರಜಾ ಅರ್ಜಿಯ ಜೊತೆಗೆ ಲಗ್ನಪತ್ರಿಕೆಯನ್ನೂ ಕೊಟ್ಟರೆ ಹೆಡ್ ಮೇಷ್ಟ್ರು ಊಟಕ್ಕೆ ತಾವೇ ಬಂದು ಪಂಕ್ತಿಯಲ್ಲಿ ಕೂತಿರುತ್ತಿದ್ದರು.

ಅದು ಚೆನ್ನಾಗಿತ್ತು ಅಂತ ಹೊಗಳಲು ಮನಸ್ಸು ಬರುವುದಿಲ್ಲ. ಒಕ್ಕಣೆಗೆ ಹೋದ ಹುಡುಗರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ಹುಡುಗಿಯರು ಬರದಿದ್ದರೆ ಯಾರೂ ಎದ್ದು ಕಾರಣ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಒಗ್ಗರಣೆ ಹೊತ್ತಿಗೆ ಬಡಿದುಕೊಳ್ಳುವ ಆ ಯಂತ್ರದ ಫೋನು ಅವರಲ್ಲಿ ಒಬ್ಬಳ ಮನೆಗಾದರೂ ಬಂದಿದ್ದರೆ ಅನ್ನಿಸುವುದುಂಟು.

ಕೊನೆಗೆ ನಾನೊಬ್ಬಳೇ ಮದುವೆಗೆ ಹೋದೆ. ಕಳಸವನ್ನು ಬೀಗರ ಕಡೆಯ ಒಂದು ಪುಟ್ಟ ಹುಡುಗಿ ಹಿಡಿದು, ಧಾರೆಯ ಮಧ್ಯೆ ಆಕಳಿಸಿತು. ಮಗಳು ಮತ್ತು ಅವಳ ಅಪ್ಪ ಶಾಲೆ ಮುಚ್ಚಿದ ಶುಕ್ರವಾರದ ರಾತ್ರಿ, ಆ ದುಬಾರಿ ಟಿಕೆಟ್ಟಿನಲ್ಲೇ, ಹೊರಟು ಬಂದರು. ಆ ಹೊತ್ತಿಗೆ ಅಕ್ಕನ ಮನೆಯಲ್ಲಿ ಚಪ್ಪರ ಬಿಚ್ಚಿ, ಬೆಳಗಿನ ಜಾವ ದೇವಸ್ಥಾನದಿಂದ ಬಿಸಿಬಿಸಿ ಹುಗ್ಗಿ ಬರುವುದು ಶುರುವಾಗಿತ್ತು. ನಿದ್ದೆಯ ಲೆಕ್ಕ ತಪ್ಪಿ ಮೂರು ಗಂಟೆಗೇ ಎದ್ದು ಕೂರುತ್ತಿದ್ದ ಮಗಳಿಗೆ ಧನುರ್ಮಾಸದ ಪೂಜೆಯ ವೇಳೆ ಸರಿಹೋಯಿತು. ದೊಡ್ಡಮ್ಮನ ಜೊತೆ ಶಾಲು ಹೊದ್ದು ದಿನಾ ಹೋದಳು.

ಒಂದು ಬೆಳಗ್ಗೆ ಹುಗ್ಗಿಯೊಳಗಿನ ಮೆಣಸನ್ನು ಒಂದೊಂದಾಗಿ ಆರಿಸಿ ಎಲೆಯ ಅಂಚಿಗಿಡುತ್ತಾ ಶಾಲೆಯ ಕೊನೆಯ ದಿನದ ಕತೆ ಹೇಳಿದಳು. ದಿನಕ್ಕೆ ಎರಡೇ ಪರೀಕ್ಷೆ, ಮಧ್ಯಾಹ್ನಕ್ಕೆ ಮನೆ. ಕೊನೆಯ ದಿನದ ಎರಡನೇ ಪಾಳಿ ಇಂಗ್ಲಿಷಿನದು. ಅದಕ್ಕೆ ಪರೀಕ್ಷೆ ಇರಲಿಲ್ಲ, ಪ್ರಬಂಧವನ್ನು ಹಿಂದಿನ ವಾರವೇ ಕೊಟ್ಟಾಗಿತ್ತು. ಆದರೂ ಬರಬೇಕು, ಬಂದು ಕೂರಬೇಕು. ಟೀಚರ್ ಮೊದಲು ಹಾಜರಿ ಹಾಕಿಕೊಂಡರಂತೆ, ಆಮೇಲೆ ಕೆಟಲಿನಲ್ಲಿ ಕೋಕೋ ಕಾಯಿಸಿ ಕೊಟ್ಟರಂತೆ. ಪಾಠವೇನೂ ಆಗಲಿಲ್ಲ. ಮಾಡಿದರೆ ಬರದವರಿಗೆ ತಪ್ಪಿಹೋಗುತ್ತದೆ, ಮಾಡಲ್ಲ ಅಂತ ಗೊತ್ತಾದರೆ ಯಾರೂ ಬರುವುದಿಲ್ಲ. ಎಲ್ಲ ಊರಿನ ಎಲ್ಲ ಟೀಚರುಗಳಿಗೂ ರಜೆಯ ಹಿಂದಿನ ದಿನದ ಪಾಡು ಇದೇ ಇರಬೇಕು. ಕಂಬಳಿ ಹೊದ್ದು ಊನೋ ಆಡಿದರಂತೆ, ಟೀಚರೂ ಕೂತು ಆಡಿ ಸೋತರಂತೆ. ಅಷ್ಟು ದಿನ ಕ್ಲಾಸಿನಲ್ಲಿ ಒಂದು ಮಾತೂ ಆಡದ ಹುಡುಗನೊಬ್ಬ ಅವತ್ತು ಬಾಯಿ ಬಿಟ್ಟನಂತೆ.

"ಎಷ್ಟು ಜನ ಬಂದಿದ್ರೇ?" ಅಂತ ಕೇಳಿದಳು ಅಕ್ಕ. ಅವಳಿಗೆ ಕಳಸದ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಮೂವತ್ತೆರಡರಲ್ಲಿ ಹನ್ನೊಂದು ಜನ, ದೊಡ್ಡಮ್ಮ."

"ಹಂಗಾದ್ರೆ ಇಪ್ಪತ್ತೊಂದು ಮಕ್ಳು ಮದ್ವೆಗೆ ಹೋಗಿದ್ರು ಅನ್ನು," ಅಂದು ಅಕ್ಕ ಅವಳ ಎಲೆಗೆ ಇನ್ನೊಂದು ಸೌಟು ಹುಗ್ಗಿ ಬಡಿಸಿದಳು.