ಹವಾನಾ ಚುರುಟೂ ನಮ್ಮ ಸೋದರಮಾವನೂ

ಶಾಲೆಯ ಹೊರಗೋಡೆಯ ಮೇಲೆ, ನೂರು ಗಜದೊಳಗೆ ಹೊಗೆಸೊಪ್ಪಿನ ಪದಾರ್ಥಗಳನ್ನು ಮಾರಕೂಡದೆಂಬ ಫಲಕವನ್ನು ಸ್ವತಃ ನಿಂತು ಬರೆಯಿಸಿದ ಮುಖ್ಯೋಪಾಧ್ಯಾಯರು ನಾವು. 2003ರ ಕಾನೂನಿನ ಕಟ್ಟಳೆ ಅದು. ಅಂತಹ ನಾವು ಸಂಕ್ರಾಂತಿಯ ರಜೆಯಲ್ಲಿ ಸೋದರಮಾವನ ಮನೆಯ ಹಿತ್ತಿಲಿನಲ್ಲಿ ಕುಳಿತು ಕ್ಯೂಬಾ ದೇಶದ ಚುರುಟೊಂದನ್ನು ಮೂರು ಸಲ ಸೇದಿದೆವೆಂದು ವಾಚಕ ಬಂಧುಗಳ ಮುಂದೆ ಒಪ್ಪಿಕೊಳ್ಳುವುದು ಸುಲಭವಲ್ಲ. ಸೇದುವ ಚಟ ನಮಗೆ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಸೇದಿದುದು ಮಾವನಿಗಾಗಿ, ಮಾವನಿಗೆ ನಾಲಗೆಯಿಲ್ಲದ ಕಾರಣಕ್ಕಾಗಿ.

ಮಾವ ಹುಟ್ಟಿದುದು ಮಗ್ಗದ ಮನೆಯಲ್ಲಿ. ನಮ್ಮ ಕಡೆಯ ದೇವಾಂಗದವರಲ್ಲಿ ಅನೇಕರು ನೂಲಿನ ಅಭಾವದ ಕಾಲದಲ್ಲಿ ಮಗ್ಗವನ್ನು ಬಿಟ್ಟು ಬೇರೆ ಬೇರೆ ಕಸುಬು ಹಿಡಿದಂತೆ, ಅವರು ಹೊಗೆಸೊಪ್ಪಿನ ಮಂಡಿಯೊಂದನ್ನು ಸೇರಿ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಎಲೆ ನೋಡುವ ಕೆಲಸ ಮಾಡಿದರು. ಭವಾನಿ, ಗೋಬಿಚೆಟ್ಟಿಪಾಳ್ಯಗಳ ಕಡೆಯಿಂದ ಎಲೆ ಬರುತ್ತಿದ್ದಿತು; 1979ರಲ್ಲಿ ಪೆರಿಯಾರ್ ಜಿಲ್ಲೆ ಬೇರೆಯಾಗುವವರೆಗೆ ಆ ಊರುಗಳೂ ನಮ್ಮ ಕೊಯಮತ್ತೂರು ಜಿಲ್ಲೆಯವೇ. ಮಾವ ಕಟ್ಟಿನೊಳಗೆ ಮೊಣಕೈವರೆಗೆ ಕೈ ತೂರಿಸಿ ಬಿಸಿಯನ್ನು ಪರೀಕ್ಷಿಸುವರು. ನಡುವಿನಿಂದ ಒಂದೆಲೆಯನ್ನು ಎಳೆದು ಮೂಸುವರು. ದಂಟನ್ನು ಕಿವಿಯ ಬಳಿ ಮುರಿದು ಸದ್ದು ಕೇಳುವರು. ಜಗಿಯುವ ಎಲೆಯಾದರೆ ಮೈಮೇಲೆ ಬಿಳಿಯ ಹಿಟ್ಟು ಹರಡಿದಂತಿರಬೇಕು. ಸುರುಟುವ ಎಲೆಯಾದರೆ ಅಂಚಿಗೆ ಕಿಡಿ ಮುಟ್ಟಿಸಿ, ಅದು ಎಷ್ಟು ಹೊತ್ತು ಆರದೆ ಹರಿಯುವುದೆಂದು ನೋಡುವರು. ಸವುಳು ಬಾವಿಯ ನೀರು ಕುಡಿದ ಎಲೆ ಬಾಯಿಗೆ ಮೇಲು, ಬೆಂಕಿಗೆ ಕೀಳು ಎಂಬುದು ಅವರ ಮಾತು. ನೀರಿನ ಕ್ಲೋರೈಡು ಎಲೆಗೇರಿದರೆ ಕಿಡಿ ನಿಲ್ಲದೆಂಬ ಕಾರಣವನ್ನು ನಾವು ಪುಸ್ತಕದಲ್ಲಿ ಓದಿದುದು ಬಹಳ ತಡವಾಗಿ. ದಿಂಡುಗಲ್ಲಿನ ಬಳಿಯ ವೇಡಸಂದೂರಿನಲ್ಲಿ ಜಗಿಯುವ ಮತ್ತು ಸುರುಟುವ ಎಲೆಗಳಿಗೆಂದೇ 1948ರಲ್ಲಿ ಸಂಶೋಧನಾ ಕೇಂದ್ರ ಸ್ಥಾಪಿತವಾಯಿತು. ಮಾವನ ಪ್ರಯೋಗಶಾಲೆ ಅವರ ಮೂಗು ಮತ್ತು ನಾಲಗೆ.

ಬೇಸಗೆಯ ರಜೆಯಲ್ಲಿ ನಾವು ಆ ಮಂಡಿಗೆ ಹೋಗಿ, ದಂಟು ಬಿಡಿಸುವ ಹೆಂಗಸರಿಗೆ ತಮಿಳು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆವು. ದಿನಕ್ಕೆ ನಾಲ್ಕಾಣೆ ಸಂಬಳ. ಕ್ಯೂಬಾದ ಚುರುಟಿನ ಕಾರ್ಖಾನೆಗಳಲ್ಲಿಯೂ ಸುರುಟುವವರಿಗೆ ಪತ್ರಿಕೆ, ಕಾದಂಬರಿಗಳನ್ನು ಓದಿ ಹೇಳುವವರನ್ನು ನೇಮಿಸುವ ಪದ್ಧತಿ 1865ರಲ್ಲಿ ಆರಂಭವಾಗಿ ಇಂದಿಗೂ ಉಳಿದಿದೆಯೆಂದು ತಿಳಿದಾಗ, ನಮ್ಮ ಮೊದಲ ಅಧ್ಯಾಪಕ ವೃತ್ತಿ ಅದೇ ಆಗಿದ್ದಿತೆಂದು ನಮಗೆ ತೋರಿತು.

ಚುರುಟೆಂಬ ಮಾತೂ ನಮ್ಮದೇ. ತಮಿಳಿನ ‘ಸುರುಟ್ಟು’ ಎಂಬುದರಿಂದಲೇ ಇಂಗ್ಲಿಷರು ‘ಚೆರೂಟ್’ ಮಾಡಿಕೊಂಡರು; ಕನ್ನಡದಲ್ಲಿ ಚಾಪೆಯನ್ನು ಸುರುಟುವುದೂ ಅದೇ ಧಾತು. ಎಲೆ ಮಾತ್ರ ಪರದೇಶದ್ದು. 1492ರಲ್ಲಿ ಕೊಲಂಬಸನ ಜನ ಅದನ್ನು ಸೇದುವುದನ್ನು ಕಂಡುದು ಕ್ಯೂಬಾ ದ್ವೀಪದಲ್ಲಿಯೇ. ಸುಮಾರು 1604ರಲ್ಲಿ ಅಕ್ಬರನ ಆಸ್ಥಾನಕ್ಕೆ ಅಸದ್ ಬೇಗ್ ಅದನ್ನು ಕೊಂಡೊಯ್ದುದು ನಮ್ಮ ಬಿಜಾಪುರದಿಂದ. ಬಾಯಲ್ಲಿಟ್ಟು ಜಗಿಯುವ ಎಲೆಗೂ ಕನ್ನಡಿಗರು ‘ಹೊಗೆ’ಸೊಪ್ಪೆಂದೇ ಹೆಸರಿಟ್ಟರು.

ಮಾವ ಹೊಗೆ ಸೇದಿದುದಕ್ಕಿಂತ ಎಲೆಯಡಿಕೆಯೊಡನೆ ಜಗಿದುದು ಹೆಚ್ಚು. ಸೊಂಟದ ಸಂಚಿಯಿಲ್ಲದೆ ಅವರನ್ನು ನಾವು ಕಂಡುದಿಲ್ಲ. ನಾಲಗೆಯ ಬದಿಯಲ್ಲಿ ಮಾಯದ ಹುಣ್ಣೊಂದನ್ನು ಬಹುಕಾಲ ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದರು. 2018ರಲ್ಲಿ ವೈದ್ಯರು ನಾಲಗೆಯ ಬಹುಭಾಗವನ್ನು ತೆಗೆದುಹಾಕಿದರು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ನಾವು ಶಾಲೆಯಿಂದ ಒಂದು ಸ್ಲೇಟನ್ನು ಕೊಂಡೊಯ್ದು ಕೊಟ್ಟೆವು. ಮಾವನಿಗೆ ಕನ್ನಡದ ಮಾತು ಬಂದುದೇ ಹೊರತು ಕನ್ನಡದ ಅಕ್ಷರ ಬಾರದು. ನಮ್ಮ ಜಿಲ್ಲೆಯ ಕನ್ನಡಿಗರಲ್ಲಿ ಬಹು ಮಂದಿಯ ಸ್ಥಿತಿ ಅದೇ. ನಮಗಾದರೂ ಅಕ್ಷರ ಕೂಡಿದುದು ಶಾಲೆಯಿಂದಲ್ಲ, ಇಂತಹ ಪತ್ರಿಕೆಗಳಿಂದ. ಆದುದರಿಂದ ಅವರು ಕನ್ನಡವನ್ನು ತಮಿಳು ಅಕ್ಷರಗಳಲ್ಲಿ ಬರೆಯುತ್ತಾರೆ.

ಚುರುಟನ್ನು ತಂದವನು ಮಾವನ ಮೊಮ್ಮಗ. ತಿರುಪ್ಪೂರಿನ ಬನಿಯನ್ ರಫ್ತಿನ ಕೆಲಸದಲ್ಲಿರುವ ಹುಡುಗ. ಸ್ಪೇನ್ ದೇಶದ ಗಿರಾಕಿಯೊಬ್ಬರು ಕೊಟ್ಟ ಉಡುಗೊರೆಯಂತೆ. ಲೋಹದ ನಳಿಗೆ, ಅದರೊಳಗೆ ದೇವದಾರಿನ ತೆಳ್ಳನೆಯ ಹಾಳೆಯ ಹೊದಿಕೆ, ಅದರೊಳಗೆ ‘ಓಯೋ ದೆ ಮಾಂಟೆರ‍್ರೇ’ ಹೆಸರಿನ ‘ಎಪಿಕ್ಯೂರ್ ನಂ. 2’. ಹವಾನಾ ಚುರುಟುಗಳಲ್ಲಿ ಸೌಮ್ಯವೆಂದು ಹೆಸರಾದುದು. ಹುಡುಗ ಬೆಲೆ ಹೇಳಹೊರಟಾಗ ಮಾವ ಕೈಯೆತ್ತಿ ತಡೆದರು. ಎಲೆ ನೋಡುವ ಮುಂಚೆ ಬೆಲೆ ಕೇಳುವುದು ಮಂಡಿಯ ಧರ್ಮವಲ್ಲ.

ಶಿಕ್ಷಕರ ತರಬೇತಿಯಲ್ಲಿ ಮೊದಲು ವೀಕ್ಷಣೆ, ಅನಂತರ ಹೋಲಿಕೆ, ಕಡೆಗೆ ತೀರ್ಮಾನ ಎಂದು ಕಲಿತವರು ನಾವು. ದಾರ ಸುತ್ತಿ ಅಳೆದೆವು: ಸುತ್ತಳತೆ ಆರೂಕಾಲು ಸೆಂಟಿಮೀಟರಿಗೆ ಸ್ವಲ್ಪ ಕಡಮೆ, ಎಂದರೆ ದಪ್ಪ ಎರಡು ಸೆಂಟಿಮೀಟರು, ಉದ್ದ ಹನ್ನೆರಡೂವರೆಗೆ ತುಸು ಕಡಮೆ. ಅಂಗುಲವನ್ನು ಅರುವತ್ತನಾಲ್ಕು ಭಾಗ ಮಾಡಿ ಚುರುಟಿನ ದಪ್ಪವನ್ನು ಹೇಳುವುದು ರೂಢಿ. ಇದು ಐವತ್ತರ ಲೆಕ್ಕದ್ದು. ಮಾವ ಅಳತೆಯನ್ನು ನೋಡಲಿಲ್ಲ. ಚುರುಟನ್ನು ಬೆರಳುಗಳ ನಡುವೆ ಮೆಲ್ಲನೆ ಒತ್ತಿ, ಎಲ್ಲಿಯೂ ಗಂಟಿಲ್ಲವೆಂದು ತಲೆಯಾಡಿಸಿ, ಹೊದಿಕೆಯ ಎಲೆಯ ನರಗಳನ್ನು ಉಗುರಿನಿಂದ ಸವರಿದರು. ಒಂದೇ ಗಿಡದಲ್ಲಿ ಬುಡದ ಎಲೆ ಚೆನ್ನಾಗಿ ಉರಿಯುತ್ತದೆ, ನಡುವಿನದು ಕಂಪು ಕೊಡುತ್ತದೆ, ಬಿಸಿಲುಂಡ ತುದಿಯದು ಖಾರ. ಕ್ಯೂಬಾದವರು ಇವನ್ನು ವೊಲಾದೊ, ಸೆಕೊ, ಲಿಗೆರೊ ಎನ್ನುತ್ತಾರೆ, ಸೌಮ್ಯವಾದುದರಲ್ಲಿ ತುದಿಯೆಲೆ ಕಡಮೆ ಎಂದು ನಾವು ಓದಿದುದನ್ನು ಹೇಳಿದೆವು. ಅದನ್ನೇ ನಲವತ್ತು ವರ್ಷದ ಹಿಂದೆ ತಾವು ನಮಗೆ ಹೇಳಿದ್ದುದು ಮರೆಯಿತೇ ಎಂಬಂತೆ ಮಾವ ನೋಡಿದರು.

ಹುಡುಗ ಹೊತ್ತಿಸಿದ, ಹೊಗೆಯನ್ನು ಎದೆಗೆಳೆದು ಕೆಮ್ಮಿದ. ಚುರುಟಿನ ಹೊಗೆ ಬಾಯಲ್ಲಿ ನಿಲ್ಲತಕ್ಕದ್ದು. ಮಾವ ಅದನ್ನು ಅವನ ಕೈಯಿಂದ ತೆಗೆದು ನಮ್ಮತ್ತ ಚಾಚಿದರು. ನಾವು ಶಾಲೆಯ ಫಲಕವನ್ನು ನೆನೆದೆವು. ಆಗ ಅವರು ತಮ್ಮ ಬಾಯಿಯತ್ತ ಬೆರಳು ತೋರಿಸಿ, ನಮ್ಮ ಬಾಯಿಯತ್ತ ತೋರಿಸಿದರು. ಮೂವತ್ತಕ್ಕೂ ಹೆಚ್ಚು ವರ್ಷ ಪರೀಕ್ಷೆ ನಡೆಸಿದ ನಾವು ಅಂದು ಪರೀಕ್ಷೆಗೆ ಕುಳಿತೆವು.

ಮೊದಲನೆಯ ಬಾಯಿಗೆ ಕೆನೆಯಂತಹ ನುಣುಪು, ಹಿಂದೆಯೇ ಮರದ ವಾಸನೆ. ಹಾಗೆಂದೆವು. ಮಾವ ತೇಲಿಬಂದ ಹೊಗೆಯನ್ನು ಮೂಸಿ ಸ್ಲೇಟಿನ ಮೇಲೆ ‘ಕಾಟ್ಟು’ ಎಂದು ಬರೆದರು. ತಮಿಳಿನಲ್ಲಿ ಅದಕ್ಕೆ ‘ತೋರಿಸು’ ಎಂದರ್ಥವಾದುದರಿಂದ ನಾವು ಚುರುಟನ್ನು ಎತ್ತಿ ತೋರಿಸಿದೆವು. ಮಾವ ತಲೆಯಲ್ಲಾಡಿಸಿದರು. ತಿರುಗಿಸಿ ತೋರಿಸಿದೆವು, ಬೂದಿಯನ್ನು ತೋರಿಸಿದೆವು. ಅವರಿಗೆ ಸಿಟ್ಟು ಬಂದು ಮುಂದೆ ‘ಇಲ್ಲ’ ಎಂದು ಸೇರಿಸಿದ ಮೇಲೆ ನಮಗೆ ಹೊಳೆಯಿತು: ಘಾಟು ಇಲ್ಲ! ಕ, ಖ, ಗ, ಘ ನಾಲ್ಕಕ್ಕೂ ತಮಿಳಿನಲ್ಲಿ ಅಕ್ಷರ ಒಂದೇ. ನಾವಿಬ್ಬರೂ ನಕ್ಕೆವು. ಮಾವ ನಕ್ಕುದನ್ನು ಕಂಡು ವರ್ಷಗಳಾಗಿದ್ದವು.

ಘಾಟು ಇಲ್ಲವೆಂದರೆ ಸಪ್ಪೆಯೇ ಎಂದು ಕೇಳಿದೆವು. ಅಲ್ಲವೆಂದು ಅವರು ಬೂದಿಯನ್ನು ತೋರಿಸಿದರು: ಬಿಳುಪು ಬೆರೆತ ಬೂದು ಬಣ್ಣ, ಅಂಗುಲದಷ್ಟಾದರೂ ಉದುರದೆ ನಿಂತಿತ್ತು, ಬೆಂಕಿ ಒಂದೇ ಸಮನಾಗಿ ಸುತ್ತಲೂ ಇಳಿದಿತ್ತು. ಸಪ್ಪೆ ಬೇರೆ, ಹದ ಬೇರೆ. ಎರಡನೆಯ ಬಾಯಿಗೆ, ಅರ್ಧ ಉರಿದ ಮೇಲೆ, ಹುರಿದ ಕಡಲೆಕಾಯಿಯ ರುಚಿಯೂ ತುಸು ಒಗರೂ ಬಂದವು. ‘ಸೊಗಡು’ ಎಂದು ಮಾವ ಬರೆದರು. ಆ ಮಾತನ್ನು ನಾವು ಅವರ ಬಾಯಿಂದಲ್ಲದೆ ಬೇರೆ ಯಾರ ಬಾಯಿಂದಲೂ ಕೇಳಿದುದಿಲ್ಲ. ಮೂರನೆಯದು ಕೊನೆಯ ಭಾಗದಲ್ಲಿ: ಬಿಸಿ, ಕಹಿ. ಅವರು ಬರೆದುದು ‘ಕಮಟು’. ನೂರಕ್ಕೆ ನಾವು ಎಂಬತ್ತು ಅಂಕ ಕೊಟ್ಟಿದ್ದೆವು. ಮಾವ ಅದನ್ನು ಅಳಿಸಿ ಅರುವತ್ತೈದು ಮಾಡಿದರು. ಕೊನೆಯವರೆಗೆ ಹದ ನಿಲ್ಲದ ಎಲೆಗೆ ಅವರ ಮಂಡಿಯಲ್ಲಿ ಮೊದಲ ದರ್ಜೆಯಿರಲಿಲ್ಲ.

“ಘಾಟೇ ಇಲ್ವಲ್ಲ ತಾತಾ, ಇದ್ರಿಂದ ಏನಾಗ್ತದೆ?” ಎಂದ ಮೊಮ್ಮಗ.

ಮಾವ ಅವನನ್ನು ಹತ್ತಿರ ಕರೆದು, ಬೆಳಕಿನ ಕಡೆಗೆ ಮುಖ ತಿರುಗಿಸಿ, ಬಾಯಿ ತೆರೆದು ತೋರಿಸಿದರು. ಹುಡುಗ ಅದುವರೆಗೆ ನೋಡಿರಲಿಲ್ಲವೆಂದು ಕಾಣುತ್ತದೆ. ಚುರುಟನ್ನು ಕೈತೊಳೆಯುವ ನೀರಿನ ಬಾನಿಯಲ್ಲಿ ಅದ್ದಿದ.

ಮೌನವನ್ನು ಮುರಿಯಲೋಸುಗ ನಾವು, ಚುರುಟಿಲ್ಲದ ಚಿತ್ರವೇ ಅಪರೂಪವಾಗಿದ್ದ ಫಿಡೆಲ್ ಕಾಸ್ಟ್ರೋ ತನ್ನ ದೇಶದ ಜನರ ಆರೋಗ್ಯಕ್ಕಾಗಿ 1985ರಲ್ಲಿ ಸೇದುವುದನ್ನು ಬಿಟ್ಟುದನ್ನು ಹೇಳಿದೆವು. ಮಾವ ಸ್ಲೇಟನ್ನು ಒರೆಸಿ 2018 ಎಂದು ಬರೆದು, ಕೆಳಗೆ 1985 ಎಂದು ಬರೆದು, ಗೆರೆಯೆಳೆದು ಕಳೆದರು. 33. ಲೆಕ್ಕ ಸರಿಯೇ ಎಂಬಂತೆ ನಮ್ಮತ್ತ ಹಿಡಿದರು. ಸರಿಯೆಂದೆವು.

ನಾವು ಹೊರಡುವಾಗ ಅವರು ಆ ದೇವದಾರಿನ ಹಾಳೆಯನ್ನು ಮಡಿಸಿ, ಎಷ್ಟೋ ವರ್ಷಗಳಿಂದ ಬರಿದಾಗಿದ್ದರೂ ಸೊಂಟದಿಂದ ತೆಗೆಯದಿದ್ದ ಸಂಚಿಯೊಳಗಿಟ್ಟು, ದಾರವನ್ನೆಳೆದು ಬಿಗಿದುಕೊಳ್ಳುತ್ತಿದ್ದರು.