ಏಳೂವರೆ ಟನ್ನಿನ ಆಸೆ

ನಮ್ಮ ಚನ್ನಪಟ್ಟಣದ ಕಡೆ ಲೈಸೆನ್ಸಿನಲ್ಲಿ ಎರಡೇ ಜಾತಿ. ಒಂದು ಬರೀ ಲೈಸೆನ್ಸು, ಇನ್ನೊಂದು ಹೆವಿ. ಬರೀ ಲೈಸೆನ್ಸು ಯಾರ ಜೇಬಿನಲ್ಲಾದರೂ ಇರುತ್ತದೆ. ಹೆವಿ ಇರುವವನ ನಡಿಗೆಯೇ ಬೇರೆ. ಹೆಣ್ಣು ಕೊಡುವವರು ಕೂಡ, "ಜಮೀನು ಕಮ್ಮಿ, ಆದ್ರೂ ಹುಡುಗನಿಗೆ ಹೆವಿ ಐತೆ, ಇವತ್ತಲ್ಲ ನಾಳೆ ಕೆಎಸ್‌ಆರ್‌ಟಿಸೀಲಿ ಆಯ್ತದೆ" ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ನನಗೆ ಹೆವಿ ಇಲ್ಲ. ಮೇಷ್ಟ್ರ ಕೆಲಸಕ್ಕೆ ಯಾರೂ ಅದನ್ನು ಕೇಳಲಿಲ್ಲ.

ಕಾನೂನು ಇಷ್ಟು ಸರಳವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಹತ್ತನೇ ಸೆಕ್ಷನ್ನಿನಲ್ಲಿ ಮೊದಲು ಮಧ್ಯಮ ಸರಕು, ಮಧ್ಯಮ ಪ್ರಯಾಣಿಕ, ಭಾರಿ ಸರಕು, ಭಾರಿ ಪ್ರಯಾಣಿಕ ಎಂದು ನಾಲ್ಕು ವರ್ಗಗಳಿದ್ದವು. 1994ರಲ್ಲಿ ನಾಲ್ಕನ್ನೂ ಸೇರಿಸಿ 'ಸಾರಿಗೆ ವಾಹನ' ಎಂದು ಒಂದೇ ಮಾಡಿಬಿಟ್ಟರು. ಹಾಗಾಗಿ ಪಟ್ಟಿಯಲ್ಲಿ ಇ ಆದಮೇಲೆ ನೆಟ್ಟಗೆ ಐ. ಎಫ್, ಜಿ, ಎಚ್ ಜಾಗ ಖಾಲಿ. ಆ ಐ ಯಾರದೆಂದು ನೋಡಿದರೆ ರೋಡ್ ರೋಲರಿನದು! ಊರೂರು ಸುತ್ತುವ ಲಾರಿಯೋ, ಬಸ್ಸಿನ ಜೊತೆ ಒಂದೇ ಅಕ್ಷರದಲ್ಲಿ ಇಕ್ಕಟ್ಟಾಗಿ ಕೂತಿದೆ. ಇದ್ದಲ್ಲೇ ಹಿಂದೆ ಮುಂದೆ ಆಡುವ ರೋಲರಿಗೆ ಸ್ವಂತ ಮನೆ. ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು.

ಲಾರಿಯ ಪರ ಇಷ್ಟು ಬೇಸರಪಡಲು ಕಾರಣ ನನ್ನ ಸೋದರಮಾವ. ಓದಿದ್ದು ನಾಲ್ಕನೇ ಕ್ಲಾಸು. ಕ್ಲೀನರಾಗಿ ಸೇರಿ, ಗಾಡಿ ಹಿಂದೆ ನಿಂತು "ಬರ್ಲಿ ಬರ್ಲಿ, ಓಲ್ಡಾನ್" ಎಂದು ಕೂಗುತ್ತಾ ಕೂಗುತ್ತಾ ಸ್ಟೇರಿಂಗ್ ಹಿಡಿದವರು. ಆಗೆಲ್ಲ ಲಾರಿಗಳು ಊರೊಳಗೇ ಬಿ.ಎಂ. ರೋಡಿನಲ್ಲಿ, ಅಂದರೆ ಬೆಂಗಳೂರು-ಮೈಸೂರು ರಸ್ತೆಯಲ್ಲಿ, ಹೋಗಬೇಕು. ಮದ್ದೂರಿನಿಂದ ಎಳನೀರು ತುಂಬಿಕೊಂಡು ಬರುವಾಗ ನಮ್ಮ ಬೀದಿ ತುದಿಯಲ್ಲಿ ನಿಲ್ಲಿಸಿ, ನನ್ನನ್ನು ಎತ್ತಿ ಸೀಟಿನಲ್ಲಿ ಕೂರಿಸಿ, "ಏನ್ಲಾ ಅಳಿಮಯ್ಯ, ಮೈಸೂರಿಗೆ ಬಿಡ್ಲಾ, ಬೆಂಗಳೂರಿಗೆ ಬಿಡ್ಲಾ?" ಎನ್ನುತ್ತಿದ್ದರು. ಸ್ಟೇರಿಂಗು ನನ್ನ ಎರಡು ತೋಳಿಗೂ ಸಿಗುತ್ತಿರಲಿಲ್ಲ. ಅತ್ತರೆ ಬೊಂಬೆ ಅಂಗಡಿಯಲ್ಲಿ ಆಲೆಮರದ್ದೊಂದು ಲಾರಿ ಕೊಡಿಸಿ ಹೊರಟುಬಿಡುವರು. ಅರಗು ಬಳಿದು ಮಿರಮಿರ ಮಿಂಚುವ ಕೆಂಪು ಲಾರಿ. ಹಾರನ್ನು ಮಾತ್ರ ಬಾಯಲ್ಲೇ ಹೊಡೆಯಬೇಕು.

ಮಾವನ ದಾರಿಯನ್ನು ಇವತ್ತು ಒಬ್ಬ ಹುಡುಗ ಹಿಡಿದನೆನ್ನಿ. ಇಪ್ಪತ್ತು ತುಂಬಿರಬೇಕು. ಅದಕ್ಕೂ ಮೊದಲು ಕಾರಿನ ಲೈಸೆನ್ಸು, ಅಂದರೆ ಎಲ್‌ಎಂವಿ, ಕೈಗೆ ಬಂದು ಒಂದು ವರ್ಷವಾಗಿರಬೇಕು. ಆಮೇಲಷ್ಟೇ ದೊಡ್ಡ ಗಾಡಿಗೆ ಎಲ್‌ಎಲ್‌ಆರ್. ಲಾರಿಯಡಿ ಮಲಗಿ ಗ್ರೀಸು ಹೊಡೆಯುವ ಹುಡುಗ, ತನ್ನ ವಂಶದಲ್ಲೇ ಯಾರೂ ಕೊಳ್ಳದ ಕಾರಿಗೆ ಮೊದಲು ಲೈಸೆನ್ಸು ಮಾಡಿಸಬೇಕು!

ಸಾಲದ್ದಕ್ಕೆ ಎಂಟನೇ ಕ್ಲಾಸು ಪಾಸಾಗಿರಬೇಕೆಂಬ ನಿಯಮ ಬೇರೆ ಇತ್ತು. ನನ್ನ ಕ್ಲಾಸಿಗೆ ಚಕ್ಕರ್ ಹೊಡೆದು ಲಾರಿ ಹತ್ತಿದವರೆಲ್ಲ ಮೀಸೆ ಬಂದಮೇಲೆ ಸ್ಕೂಲಿನ ಬಾಗಿಲಿಗೆ ಬಂದು ತಲೆ ಕೆರೆದುಕೊಳ್ಳುತ್ತಾ, "ಸಾ, ಎಂಟನೇದು ಪಾಸು ಅಂತ ಒಂದು ಬರ್ಕೊಡಿ ಸಾ" ಎನ್ನುವರು. 2019ರಲ್ಲಿ ಆ ನಿಯಮ ತೆಗೆದರು. ಒಳ್ಳೆಯದೇ ಆಯಿತು, ಮಾವನಂಥವರಿಗೆ ಅದು ಅನ್ಯಾಯ. ಆದರೆ ನನ್ನ ಪಾಠಕ್ಕಿದ್ದ ಒಂದೇ ಒಂದು ಗಿರಾಕಿಯೂ ಅಲ್ಲಿಗೆ ಹೋಯಿತು.

2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿತು. ಅಪಘಾತವಾದಾಗ, 'ಡ್ರೈವರಿಗೆ ಬರೀ ಎಲ್‌ಎಂವಿ ಇದೆ, ಸಾರಿಗೆ ವಾಹನದ್ದಿಲ್ಲ' ಎಂದು ವಿಮೆಯವರು ತಕರಾರು ತೆಗೆಯುತ್ತಿದ್ದರಲ್ಲ, ಅದರ ಇತ್ಯರ್ಥ. ಸರಕು ಸೇರಿ ಒಟ್ಟು ತೂಕ 7,500 ಕೆಜಿ ದಾಟದ ಸಾರಿಗೆ ವಾಹನವನ್ನು ಎಲ್‌ಎಂವಿಯಲ್ಲೇ ಓಡಿಸಬಹುದು, ಬೇರೆ ಅನುಮತಿ ಬೇಡ. 2017ರಲ್ಲೇ ಮೂವರ ಪೀಠ ಹೀಗೆ ಹೇಳಿತ್ತು, ಈಗ ಗಟ್ಟಿಯಾಯಿತು. ಪೇಪರನ್ನು ಮಡಿಸಿ, ಬೀರುವಿನಲ್ಲಿದ್ದ ಲೈಸೆನ್ಸನ್ನು ತೆಗೆದು ನೋಡಿದೆ. ಎಲ್‌ಎಂವಿ. ಅಂದರೆ ನಾನು ಸಣ್ಣ ಲಾರಿಯ ಡ್ರೈವರು!

ಪಕ್ಕದ ಮನೆ ಹುಡುಗನ ಐಷರ್ ಗಾಡಿಯ ಆರ್‌ಸಿ ಇಸಕೊಂಡು ನೋಡಿದರೆ ಒಟ್ಟು ತೂಕ 7,490. ಗಾಡಿ ಮಾಡುವವರಿಗೂ ಕಾನೂನು ಚೆನ್ನಾಗಿ ಗೊತ್ತು. "ಬನ್ನಿ ಮೇಷ್ಟ್ರೇ, ಬೈಪಾಸ್‌ನಲ್ಲಿ ಒಂದ್ ರೌಂಡ್ ಹೊಡೀರಿ" ಎಂದ. ಹೌದು, ಲಾರಿಗಳೆಲ್ಲ ಈಗ ಅಲ್ಲೇ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ನಮ್ಮೂರೊಳಗೆ ಬರುವ ಹಂಗು ಅವಕ್ಕಿಲ್ಲ. ಅದೇ ವರ್ಷದ ಆಗಸ್ಟಿನಿಂದ ಅಲ್ಲಿಗೆ ಸ್ಕೂಟರನ್ನೂ ಬಿಡುವುದಿಲ್ಲ. ಲಾರಿಗಳ ಜೊತೆ ಹೋಗಬೇಕೆಂದರೆ ಲಾರಿಯಲ್ಲೇ ಹೋಗಬೇಕು. ಹುಡುಗನಿಗೆ "ನೋಡೋಣಪ್ಪ" ಎಂದೆ. ಮಂಡಿನೋವಿನವನು ಆ ಮೆಟ್ಟಿಲು ಹತ್ತುವ ಬಗ್ಗೆ ಕೋರ್ಟು ಏನೂ ಹೇಳಿಲ್ಲ.

ಮೊನ್ನೆ ಲೈಸೆನ್ಸು ರಿನ್ಯೂವಲ್ಲಿಗೆ ಬಂತು. ಐವತ್ತೈದು ದಾಟಿದವರಿಗೆ ಐದೈದೇ ವರ್ಷ ಕೊಡುವುದು, ಹೆವಿಯವರಿಗೂ ಐದೇ. ಅವರಿಗೆ ಬೇಕಾದ ಡಾಕ್ಟರ ಸರ್ಟಿಫಿಕೇಟು, ಆ ಫಾರಂ 1ಎ, ನನಗೂ ಬೇಕು. ಇಪ್ಪತ್ತೈದು ಮೀಟರ್ ದೂರದ ನಂಬರ್ ಪ್ಲೇಟು ಕಾಣುತ್ತದೆಯೇ, ಹಾರನ್ನು ಕೇಳುತ್ತದೆಯೇ ಎಂದೆಲ್ಲ ಅದರಲ್ಲಿ ತುಂಬಬೇಕು. ಡಾಕ್ಟರು ಪೆನ್ನು ಹಿಡಿದು, "ಏನ್ ಓಡಿಸ್ತೀರಾ ಮೇಷ್ಟ್ರೇ?" ಎಂದರು.

"ಏಳೂವರೆ ಟನ್ನಿನೊಳಗೆ ಏನ್ ಬೇಕಾದ್ರೂ" ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟು ಬಿಪಿ ಇನ್ನೊಂದು ಸಲ ನೋಡಿದರು.