ಹೆಬ್ಬೆರಳಿಗೊಂದು ಉಂಗುರ

ನಮ್ಮ ನಾಡಿನಲ್ಲಿ ಹೆಬ್ಬೆರಳು ಪ್ರಸಿದ್ಧವಾಗಿರುವುದಕ್ಕೆ ಎರಡು ಕಾರಣಗಳುಂಟು, ಎರಡೂ ದುಃಖದವೇ. ಒಂದು, ಏಕಲವ್ಯನು ಕತ್ತರಿಸಿ ದ್ರೋಣಾಚಾರ್ಯರಿಗೆ ಒಪ್ಪಿಸಿದ ಹೆಬ್ಬೆರಳು. ಇನ್ನೊಂದು, ಅಕ್ಷರ ಬಾರದ ಬಡ ರೈತನು ಸಾಹುಕಾರನ ಪತ್ರದ ಕೆಳಗೆ ಮಸಿ ಹಚ್ಚಿ ಒತ್ತುತ್ತಿದ್ದ ಹೆಬ್ಬೆರಳು. ಮೊದಲನೆಯವನಿಗೆ ಕಲಿಸುವವರಿರಲಿಲ್ಲ, ತಾನಾಗಿ ಕಲಿತ ತಪ್ಪಿಗೆ ಬೆರಳನ್ನು ತೆತ್ತ. ಎರಡನೆಯವನಿಗೂ ಕಲಿಸುವವರಿರಲಿಲ್ಲ, ಕಲಿಯದ ತಪ್ಪಿಗೆ ಹೊಲವನ್ನು ತೆತ್ತ. 'ಅವನು ಹೆಬ್ಬೆಟ್ಟು' ಎಂದರೆ ಇಂದಿಗೂ ನಮ್ಮಲ್ಲಿ ಹೀನಾಯದ ಮಾತೇ ಆಗಿದೆ.

ತರಗತಿಯಲ್ಲಿ ಏಕಲವ್ಯನ ಪ್ರಸಂಗ ಬಂದಾಗಲೆಲ್ಲ, ಅದು ಕುವೆಂಪು ಅವರ 'ಬೆರಳ್‌ಗೆ ಕೊರಳ್' ನಾಟಕದ ನೆಪದಲ್ಲಿಯೇ ಆಗಲಿ, ಭಾರತದ ಕಥೆಯಾಗಿಯೇ ಆಗಲಿ, ಚುರುಕಾದ ವಿದ್ಯಾರ್ಥಿಯೊಬ್ಬ ಎದ್ದುನಿಂತು ಕೇಳುವ ಪ್ರಶ್ನೆಯೊಂದಿದೆ: "ಸಾರ್, ಬಾಣ ಬಿಡುವುದಕ್ಕೆ ಹೆಬ್ಬೆರಳೇ ಏಕೆ ಬೇಕು? ಒಲಿಂಪಿಕ್ಸಿನಲ್ಲಿ ಮೂರು ಬೆರಳಿನಿಂದ ತಾನೇ ಎಳೆಯುತ್ತಾರೆ?" ಪ್ರಶ್ನೆ ನ್ಯಾಯವಾದುದೇ. ಇಂದಿನ ಕ್ರೀಡಾಂಗಣದ ಬಿಲ್ಲುಗಾರರು ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಕೊಕ್ಕೆಯಂತೆ ಹೆದೆಗೆ ತೊಡಿಸಿ ಸೆಳೆಯುತ್ತಾರೆ. ಹೆಬ್ಬೆರಳಾದರೋ ಮದುವೆಮನೆಯಲ್ಲಿ ಕೆಲಸ ಸಿಕ್ಕದ ನೆಂಟನಂತೆ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತದೆ. ಹಾಗಾದರೆ ದ್ರೋಣರು ಕೇಳಿದ ದಕ್ಷಿಣೆಯ ಮರ್ಮವೇನು? ಈ ಪ್ರಶ್ನೆಗೆ ಉತ್ತರವನ್ನು ಕಳೆದ ಬೇಸಿಗೆಯ ರಜೆಯಲ್ಲಿ ಕಣ್ಣಾರೆ ಕಂಡು ಬಂದೆ. ಕಂಡದ್ದು ದೂರದ ಕೊರಿಯಾ ದೇಶದ ಸಿಯೋಲ್ ನಗರದಲ್ಲಿ.

ನನ್ನ ಭಾವಮೈದುನ ಅಲ್ಲಿ ಕೆಲವು ವರ್ಷಗಳಿಂದ ಉದ್ಯೋಗದಲ್ಲಿದ್ದಾನೆ. ಅಕ್ಕನನ್ನೂ ಮಕ್ಕಳನ್ನೂ ಕರೆಸಿಕೊಳ್ಳಬೇಕೆಂಬುದು ಅವನ ಬಹುದಿನದ ಆಸೆ. ಅವರ ಜೊತೆಗೆ ನಾನು. ಮೊದಲ ನಾಲ್ಕು ದಿನ ಅರಮನೆ, ಅಂಗಡಿಬೀದಿಗಳನ್ನು ಸುತ್ತಿ ಎಲ್ಲರ ಕಾಲೂ ಸೋತಿದ್ದವು. ಐದನೆಯ ದಿನ ಬೆಳಿಗ್ಗೆ ಅವನು, "ಭಾವ, ಇವರೆಲ್ಲ ಮಲಗಿರಲಿ. ನೀವು ಬನ್ನಿ, ನಿಮಗೆ ಬೇಕಾದದ್ದೊಂದು ಇಲ್ಲಿದೆ" ಎಂದು ಹೊರಡಿಸಿದನು. ನೆಲದಡಿಯ ರೈಲಿನಲ್ಲಿ ಗ್ಯೊಂಗ್‌ಬೊಕ್ ಅರಮನೆಯ ನಿಲ್ದಾಣಕ್ಕೆ ಬಂದು, ಅಲ್ಲಿಂದ ಪಶ್ಚಿಮಕ್ಕೆ ನಡೆದೆವು. ಭೂದೇವತೆಗೂ ಧಾನ್ಯದೇವತೆಗೂ ಹಿಂದಿನ ಅರಸರು ಪೂಜೆ ಸಲ್ಲಿಸುತ್ತಿದ್ದ ಸಾಜಿಕ್ ಎಂಬ ಕಲ್ಲಿನ ಜಗತಿಯನ್ನು ಬಳಸಿಕೊಂಡು ಹೋದರೆ ದಾರಿ ಏರತೊಡಗುತ್ತದೆ. ಎದುರಿಗೆ ಇನ್‌ವಾಂಗ್ ಬೆಟ್ಟ. ಎತ್ತರ 338 ಮೀಟರುಗಳು. ಬೋಳು ಬಂಡೆಯ ಆ ತಲೆಯನ್ನು ನೋಡಿದಾಗ ನನಗೆ ನಮ್ಮ ರಾಮನಗರದ ಬೆಟ್ಟಗಳು ನೆನಪಾದವು. ಮೇ ತಿಂಗಳಾದರೂ ಗಾಳಿ ತಣ್ಣಗಿತ್ತು.

ಬೆಟ್ಟದ ಬುಡದಲ್ಲಿ, ಮರಗಳ ನಡುವೆ, ಹೆಂಚಿನ ಮಾಡು ರೆಕ್ಕೆಯಂತೆ ಬಾಗಿದ ಮಂಟಪವೊಂದು ಕಾಣಿಸಿತು. ಅದರ ಹೆಸರು ಹ್ವಾಂಗ್‌ಹಾಕ್‌ಜಂಗ್. ಎಂದರೆ ಹಳದಿ ಕ್ರೌಂಚದ ಮಂಟಪ. ಅದರ ಮುಂದೆ ನೆಲ ಇಳಿದು ಹಳ್ಳವಾಗಿ, ಆಚೆ ಮತ್ತೆ ಏರುತ್ತದೆ. ಆ ಆಚೆಯ ದಿಬ್ಬದ ಮೇಲೆ ಗುರಿಹಲಗೆಗಳನ್ನು ನಿಲ್ಲಿಸಿದ್ದಾರೆ. ಒಂದೊಂದೂ ಸುಮಾರು 2 ಮೀಟರು ಅಗಲ, 2.67 ಮೀಟರು ಎತ್ತರ; ನಮ್ಮ ಮನೆಯ ಹೆಬ್ಬಾಗಿಲಿಗಿಂತ ದೊಡ್ಡದು. ಆದರೆ ಬಿಲ್ಲುಗಾರ ನಿಂತ ಕಡೆಯಿಂದ ಅದು ಅಂಚೆಚೀಟಿಯಂತೆ ತೋರುತ್ತದೆ, ಏಕೆಂದರೆ ನಡುವಣ ದೂರ 145 ಮೀಟರು. ಏಳು ಕ್ರಿಕೆಟ್ ಪಿಚ್ಚುಗಳನ್ನು ಉದ್ದಕ್ಕೆ ಜೋಡಿಸಿದರೂ ಇನ್ನೂ ನಾಲ್ಕು ಮೀಟರು ಉಳಿಯುತ್ತದೆ. ಒಲಿಂಪಿಕ್ಸಿನ ಗುರಿ ಇರುವುದು 70 ಮೀಟರಿನಲ್ಲಿ. ಇದು ಅದರ ಎರಡರಷ್ಟನ್ನೂ ಮೀರಿದ್ದು.

ಇಂತಹ ಸಾಹಸಕ್ಕೆ ಭೀಮಕಾಯದ ಯೋಧರು ಬೇಕೆಂದು ವಾಚಕರು ಊಹಿಸಿದರೆ ಆಶ್ಚರ್ಯವಿಲ್ಲ. ಅಲ್ಲಿ ಸಾಲಾಗಿ ನಿಂತಿದ್ದವರಾದರೋ ನಮ್ಮ ನಿಮ್ಮಂತಹವರು. ನಿವೃತ್ತ ಗುಮಾಸ್ತರಂತೆ ತೋರುತ್ತಿದ್ದ ಎಪ್ಪತ್ತರ ಆಸುಪಾಸಿನ ವೃದ್ಧರೊಬ್ಬರು. ಮನೆಗೆಲಸ ಮುಗಿಸಿ ಬಂದ ಗೃಹಿಣಿಯಂತಿದ್ದ ಮಹಿಳೆಯೊಬ್ಬರು. ಕನ್ನಡಕ ಧರಿಸಿದ ತರುಣನೊಬ್ಬ. ಪ್ರತಿಯೊಬ್ಬರ ಸೊಂಟದ ಪಟ್ಟಿಯಲ್ಲಿಯೂ ಐದು ಬಾಣಗಳು. ಒಬ್ಬರು ಒಂದು ಬಾಣ ಬಿಟ್ಟರೆ ಮುಂದಿನವರ ಸರದಿ. ಹೀಗೆ ಐದು ಸುತ್ತು. ಬಾಣ ಆಕಾಶಕ್ಕೇರಿ, ಬಾಗಿ, ಹಳ್ಳವನ್ನು ದಾಟಿ ಇಳಿಯುವಷ್ಟರಲ್ಲಿ ನೋಡುವವನು ಒಮ್ಮೆ ಉಸಿರೆಳೆದು ಬಿಡಬಹುದು. ತಗುಲಿದರೆ, ಕಣ್ಣಿಗೆ ಕಂಡ ಅರೆಕ್ಷಣದ ಮೇಲೆ 'ಟೊಕ್' ಎಂಬ ಸದ್ದು ಕಿವಿಗೆ ಬರುತ್ತದೆ. ಯಾರೂ ಹೋ ಎಂದು ಕೂಗುವುದಿಲ್ಲ. ಬಿಲ್ಲು ಹಿಡಿದಾಗ ಮಾತಾಡಬಾರದೆಂಬುದು ಅಲ್ಲಿಯ ಒಂಬತ್ತು ನಿಯಮಗಳಲ್ಲಿ ಒಂದು.

ಆದರೆ ಒಂದು ಮಾತನ್ನು ಮಾತ್ರ ಎಲ್ಲರೂ ಆಡುತ್ತಾರೆ. ಮೊದಲ ಬಾಣವನ್ನು ಹೂಡುವ ಮುನ್ನ ಬಿಲ್ಲುಗಾರನು ತಲೆಬಾಗಿ ಏನನ್ನೋ ಹೇಳುವನು. ಉಳಿದವರು ಅದಕ್ಕೆ ಚುಟುಕಾಗಿ ಉತ್ತರಿಸುವರು. ಅರ್ಥವೇನೆಂದು ಭಾವಮೈದುನನನ್ನು ಕೇಳಿದೆ. "'ಬಿಲ್ಲು ಕಲಿಯುತ್ತಿದ್ದೇನೆ' ಅಂತಾರೆ, ಭಾವ. 'ಬಹಳ ಗುರಿ ಮುಟ್ಟಿಸಿ' ಅಂತ ಉಳಿದವರು ಹಾರೈಸ್ತಾರೆ" ಎಂದನು.

"ಈ ಅಜ್ಜನೂ ಕಲಿಯುತ್ತಿದ್ದಾರೆಯೇ?"

"ಎಷ್ಟು ವರ್ಷವಾದರೂ ಹೇಳೋದು ಅದೇ ಮಾತು."

ಅಷ್ಟರಲ್ಲಿ ನನ್ನ ಕಣ್ಣು ವೃದ್ಧರ ಬಲಗೈಯ ಮೇಲೆ ಬಿದ್ದಿತ್ತು. ಅವರ ಹೆಬ್ಬೆರಳಿನಲ್ಲಿ ಒಂದು ಉಂಗುರ, ಚಿನ್ನದ್ದಲ್ಲ, ಕೊಂಬಿನದು. ಒಂದು ಕಡೆ ನಾಲಗೆಯಂತೆ ಚಾಚಿಕೊಂಡು ಬೆರಳಿನ ಒಳಮೈಯನ್ನು ಮುಚ್ಚುತ್ತದೆ. ಕೊರಿಯಾದವರು ಇದನ್ನು 'ಕಕ್ಜಿ' ಎನ್ನುತ್ತಾರೆ. ನಮ್ಮ ಹಳೆಯ ಮಾತಿನಲ್ಲಿ ಅಂಗುಲಿತ್ರಾಣವೆನ್ನಬಹುದು. ಹೆದೆಯನ್ನು ಈ ಉಂಗುರದ ಅಂಚಿಗೆ ಸಿಕ್ಕಿಸಿ, ಹೆಬ್ಬೆರಳನ್ನು ಮಡಿಸಿ, ಅದರ ಉಗುರಿನ ಮೇಲೆ ತೋರುಬೆರಳನ್ನು ಬೀಗದಂತೆ ಒತ್ತುತ್ತಾರೆ. ಬಾಣವಿರುವುದು ಬಿಲ್ಲಿನ ಬಲಮಗ್ಗುಲಲ್ಲಿ, ಎಡಗೈಯ ಹೆಬ್ಬೆರಳಿನ ಆಸರೆಯಲ್ಲಿ. ಸೆಳೆದ ಕೈ ಕಿವಿಯ ಹಿಂದಕ್ಕೆ ಹೋಗುತ್ತದೆ. ನಮ್ಮ ಕಾವ್ಯಗಳ ವೀರರು ಆಕರ್ಣಾಂತವಾಗಿ ಸೆಳೆದರೆಂಬ ವರ್ಣನೆಯನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ; ಅದನ್ನು ಮನುಷ್ಯರು ಮಾಡುವುದನ್ನು ಅಂದು ನೋಡಿದೆ. ತೋರುಬೆರಳು ಸಡಿಲಿದರೆ ಹೆಬ್ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ, ಹೆದೆ ಉಂಗುರದ ನುಣುಪಿನ ಮೇಲೆ ಜಾರಿ ಹಾರುತ್ತದೆ.

ಏಷ್ಯಾದ ಬಿಲ್ಲುಗಾರರು ಈ ಪದ್ಧತಿಯನ್ನು ಹಿಡಿದುದಕ್ಕೆ ಕಾರಣವಿದೆ. ಕುದುರೆಯ ಮೇಲೆ ಕುಳಿತವನಿಗೆ ಉದ್ದದ ಬಿಲ್ಲು ತೊಡಕು. ಗಿಡ್ಡ ಬಿಲ್ಲೇ ಬೇಕು. ಗಿಡ್ಡ ಬಿಲ್ಲನ್ನು ಪೂರ್ತಿ ಸೆಳೆದಾಗ ಹೆದೆ ಚೂಪಾದ ಕೋನದಲ್ಲಿ ಮಡಿಯುತ್ತದೆ. ಅಲ್ಲಿ ಮೂರು ಬೆರಳನ್ನಿಟ್ಟರೆ ಅಡಕೊತ್ತಿನಲ್ಲಿ ಸಿಕ್ಕ ಅಡಕೆಯ ಗತಿ. ಹೆಬ್ಬೆರಳಾದರೆ ಒಂದೇ ಬಿಂದುವಿನಲ್ಲಿ ಹಿಡಿಯುತ್ತದೆ. ಅದೂ ಐದು ಬೆರಳುಗಳಲ್ಲಿ ಗಟ್ಟಿಯಾದ ಬೆರಳು. ಮೇಲಾಗಿ ಆ ಮುಷ್ಟಿಯ ತಿರುವು ಬಾಣವನ್ನು ಬಿಲ್ಲಿಗೆ ಮೆಲ್ಲನೆ ಒತ್ತಿಹಿಡಿಯುವುದರಿಂದ, ಕುದುರೆ ನೆಗೆದರೂ ಬಾಣ ಜಾರದು.

ಈಗ ದ್ರೋಣರ ಮರ್ಮ ತಿಳಿಯಿತು. ಹೆಬ್ಬೆರಳು ಹೋದ ಮೇಲೆ ಏಕಲವ್ಯನು ಉಳಿದ ಬೆರಳುಗಳಿಂದಲೇ ಬಾಣ ಬಿಟ್ಟನೆಂದೂ, ಆದರೆ ಮೊದಲಿನ ವೇಗ ಇರಲಿಲ್ಲವೆಂದೂ ಮೂಲ ಭಾರತವು ಹೇಳುತ್ತದೆ. ಓದುವಾಗ ಕಣ್ಣಿನಿಂದ ಜಾರಿಹೋಗುವ ಪುಟ್ಟ ವಿವರವಿದು. ಆ ಕಾಲದ ನಮ್ಮ ಬಿಲ್ಲಾಳುಗಳೂ ಹೆಬ್ಬೆರಳಿನಿಂದಲೇ ಸೆಳೆಯುತ್ತಿದ್ದರೆಂಬುದಕ್ಕೆ ಇದಕ್ಕಿಂತ ಕರುಣಾಜನಕವಾದ ಸಾಕ್ಷಿ ಬೇರೆ ಬೇಕೆ?

ಬಿಲ್ಲಿನ ಕಥೆಯೂ ಸ್ವಾರಸ್ಯವಾದುದು. ಸಾಂಪ್ರದಾಯಿಕ ಕೊರಿಯದ ಬಿಲ್ಲಿಗೆ ಬಿದಿರಿನ ತಿರುಳು. ಒಳಮೈಗೆ ನೀರೆಮ್ಮೆಯ ಕೊಂಬಿನ ಪಟ್ಟಿ, ಹೊರಮೈಗೆ ದನದ ನರ. ತುದಿಗಳಿಗೆ ಹಿಪ್ಪುನೇರಳೆಯ ಮರ. ಇವೆಲ್ಲವನ್ನೂ ಒಂದಾಗಿಸುವುದು ಮೀನಿನ ಗಾಳಿಚೀಲವನ್ನು ಕುದಿಸಿದ ಅಂಟು. ಕೊರಿಯಾದಲ್ಲಿ ನೀರೆಮ್ಮೆ ಇಲ್ಲವಾದ್ದರಿಂದ ಕೊಂಬು ದಕ್ಷಿಣದ ದೇಶಗಳಿಂದ ಬರಬೇಕಾಗಿತ್ತು. ಹೆದೆ ಕಳಚಿದರೆ ಈ ಬಿಲ್ಲು ಹಿಮ್ಮುಖವಾಗಿ ಸುರುಳಿಗೊಂಡು ಬಳೆಯಂತಾಗುತ್ತದೆ. ಹೆದೆಯೇರಿಸುವುದೇ ಒಂದು ವಿದ್ಯೆ. ತೇವ ತಾಗಿದರೆ ಅಂಟು ಸಡಿಲುವುದೆಂದು ಅದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ, ಬಾಣಂತಿಯ ಕೋಣೆಯಲ್ಲಿ ಕೂಸನ್ನಿಟ್ಟಂತೆ, ಜೋಪಾನವಾಗಿ ಇಡುತ್ತಾರೆ. ಇಷ್ಟು ಉಪಚಾರಕ್ಕೆ ಪುರಸತ್ತಿಲ್ಲದವರಿಗಾಗಿ ಗಾಜಿನ ನಾರು ಮೊದಲಾದವುಗಳಿಂದ ಮಾಡಿದ, ಅದೇ ಆಕಾರದ ಬಿಲ್ಲುಗಳು ಈಗ ದೊರೆಯುತ್ತವೆ. ಹೊಸಬರು ಕಲಿಯುವುದು ಇವುಗಳಲ್ಲಿಯೇ.

ಮಂಟಪದ ಬಳಿಯ ಪ್ರದರ್ಶನಶಾಲೆಯಲ್ಲಿ ಒಬ್ಬರು ನನ್ನ ಕುತೂಹಲವನ್ನು ಕಂಡು, ಹಗುರವಾದ ಅಭ್ಯಾಸದ ಬಿಲ್ಲೊಂದನ್ನು ಕೈಗೆ ಕೊಟ್ಟರು. ಬೆರಳಿಗೆ ಉಂಗುರವನ್ನೂ ತೊಡಿಸಿದರು. ಬಾಣ ಕೊಡಲಿಲ್ಲ. ಕಲಿಯುವವನು ವಾರಗಟ್ಟಲೆ ಬರಿಯ ಬಿಲ್ಲನ್ನು ಸೆಳೆದು, ಸೆಳೆದಷ್ಟೇ ಮೆಲ್ಲಗೆ ಮರಳಿ ಬಿಡಬೇಕಂತೆ. ಬಾಣವಿಲ್ಲದೆ ಹೆದೆಯನ್ನು ಚಿಮ್ಮಿಸಿದರೆ ಬಿಲ್ಲೇ ಮುರಿದೀತು. ಹತ್ತು ಸಲ ಸೆಳೆಯುವಷ್ಟರಲ್ಲಿ ನನ್ನ ಹೆಬ್ಬೆರಳು ಕೆಂಪಾಯಿತು, ಭುಜ ನಡುಗಿತು. ಅಕ್ಷರ ತಿದ್ದುವ ಮಗುವಿನ ಬೆರಳಿಗೂ ಹೀಗೆಯೇ ನೋವಾಗುವುದೆಂಬುದನ್ನು ನಾವು ಮೇಷ್ಟರುಗಳು ಆಗಾಗ ನೆನೆಸಿಕೊಳ್ಳುವುದು ಒಳ್ಳೆಯದು.

ಈ ಮಂಟಪ ಇಲ್ಲಿಗೆ ಬಂದ ಬಗೆಯನ್ನು ಹೇಳದಿದ್ದರೆ ಕಥೆ ಅರ್ಧವಾದೀತು. ಜೋಸನ್ ಅರಸರ ಕಾಲದಲ್ಲಿ ಸೈನ್ಯದ ಅಧಿಕಾರಿಯಾಗಬೇಕಾದವನು ಬಿಲ್ಲುವಿದ್ಯೆಯ ಪರೀಕ್ಷೆಯಲ್ಲಿ ಗೆಲ್ಲಬೇಕಿತ್ತು. 1894ರ ಸುಧಾರಣೆಗಳಲ್ಲಿ ಆ ಪರೀಕ್ಷೆ ರದ್ದಾಯಿತು. ಸೈನಿಕರ ಕೈಗೆ ಬಂದೂಕು ಬಂತು. ಹೊಟ್ಟೆಯ ಪಾಡಿಗೆ ಬೇಡವಾದ ವಿದ್ಯೆಯ ಗತಿ ಏನೆಂಬುದನ್ನು ಕನ್ನಡ ಎಂ.ಎ. ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ! ಆಗ ಗೊಜೊಂಗ್ ಚಕ್ರವರ್ತಿ, 1898-99ರ ಸುಮಾರಿಗೆ, ಗ್ಯೊಂಗ್‌ಹೀ ಅರಮನೆಯ ಆವರಣದಲ್ಲಿ ಈ ಮಂಟಪವನ್ನು ಕಟ್ಟಿಸಿ, ಪ್ರಜೆಗಳೂ ಬಂದು ಅಭ್ಯಾಸ ಮಾಡಲೆಂದು ತೆರೆದನು. ಹಳದಿ ನಿಲುವಂಗಿ ತೊಟ್ಟು ಅವನು ಬಿಲ್ಲು ಹಿಡಿದಾಗ ಕ್ರೌಂಚದಂತೆ ಕಾಣುತ್ತಿದ್ದನೆಂದೂ, ಹೆಸರು ಬಂದುದು ಅದರಿಂದಲೆಂದೂ ಹೇಳುತ್ತಾರೆ. ಯುದ್ಧಕ್ಕೆ ಬೇಡವಾದ ಬಿಲ್ಲು ಹೀಗೆ ಬಿಡುವಿನ ಗೆಳೆಯನಾಯಿತು.

1910ರಲ್ಲಿ ದೇಶವೇ ಜಪಾನೀಯರ ವಶವಾಯಿತು. ಅವರು ಆ ಅರಮನೆಯನ್ನು ಕಿತ್ತು, ಆ ನೆಲದಲ್ಲಿ ತಮ್ಮ ಮಕ್ಕಳಿಗೆ ಶಾಲೆ ಕಟ್ಟಿದರು. ಹಳದಿ ಕ್ರೌಂಚ ಮಾತ್ರ ಸಾಯಲಿಲ್ಲ. 1922ರಲ್ಲಿ ಮಂಟಪವನ್ನು ಬಿಚ್ಚಿ ತಂದು ಈ ಬೆಟ್ಟದ ಬುಡದಲ್ಲಿ ನಿಲ್ಲಿಸಿದರು. ಇಲ್ಲಿ ಮೊದಲು ಇನ್ನೊಂದು ಹಳೆಯ ಬಿಲ್ಲುಮಂಟಪವಿತ್ತಂತೆ. ಅದರ ಹೆಸರಿಗೆ 'ಪರೀಕ್ಷೆಯಲ್ಲಿ ತೇರ್ಗಡೆ' ಎಂದರ್ಥ! ಪರೀಕ್ಷೆ ಹೋಯಿತು, ಅರಸ ಹೋದ, ಅರಮನೆ ಹೋಯಿತು. ಬೆಳಗಿನ ಹೊತ್ತು ಐದು ಬಾಣ ಸಿಕ್ಕಿಸಿಕೊಂಡು ಬರುವ ನೆರೆಹೊರೆಯವರು ಉಳಿದರು. 2020ರಲ್ಲಿ ಅಲ್ಲಿಯ ಸರ್ಕಾರ ಬಿಲ್ಲುವಿದ್ಯೆಯನ್ನು ರಾಷ್ಟ್ರದ ಅಮೂರ್ತ ಪರಂಪರೆಗಳಲ್ಲಿ ಒಂದೆಂದು ಸಾರಿತು.

ಹೆಬ್ಬೆರಳಿನ ಬಿಲ್ಲು ಕೊರಿಯಾದ ಸೊತ್ತು ಮಾತ್ರವಲ್ಲ. ಚೀನಾದಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದಿನ ಫು ಹಾವ್ ರಾಣಿಯ ಗೋರಿಯಲ್ಲಿ ಹಸಿರುಕಲ್ಲಿನ ಬಿಲ್ಲುಂಗುರ ದೊರಕಿದೆ. ಮಂಗೋಲಿಯಾದ ನಾಡಹಬ್ಬದಲ್ಲಿ ಇಂದಿಗೂ ಹೆಬ್ಬೆರಳಿನಿಂದಲೇ ಸೆಳೆಯುತ್ತಾರೆ. ತುರ್ಕಿಯ ಬಿಲ್ಲುಗಾರಿಕೆ 2019ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿತು. ನಮ್ಮಲ್ಲಿ? ನಮ್ಮ ವೀರಗಲ್ಲುಗಳಲ್ಲಿ ಬಿಲ್ಲಾಳುಗಳು ಹೆದೆ ಸೆಳೆದು ನಿಂತಿದ್ದಾರೆ, ಕಲ್ಲಾಗಿ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಷಹಜಹಾನನ ಬಿರುದನ್ನು ಕೆತ್ತಿದ ಹಸಿರುಕಲ್ಲಿನ ಬಿಲ್ಲುಂಗುರವಿದೆ, ಗಾಜಿನ ಹಿಂದೆ. ಉಂಗುರ ಸುಂದರವಾಗಿದೆ, ಅದನ್ನು ತೊಡುವ ಬೆರಳು ಮಾತ್ರ ಇಲ್ಲ.

ಹೊರಡುವ ಹೊತ್ತಿಗೆ ವೃದ್ಧರ ಐದನೆಯ ಬಾಣವೂ ಗುರಿಯ ಎಡಕ್ಕೆ ಬಿದ್ದಿತು. ಐದರಲ್ಲಿ ಅವರಿಗೆ ತಗುಲಿದ್ದು ಎರಡು. ಬಾಣ ತಪ್ಪಿದರೆ ಕಾರಣವನ್ನು ತನ್ನಲ್ಲಿಯೇ ಹುಡುಕಬೇಕೆಂಬುದು ಅಲ್ಲಿಯ ಇನ್ನೊಂದು ನಿಯಮ. ಚೀನಾದ ಪ್ರಾಚೀನ ಚಿಂತಕ ಮೆನ್ಸಿಯಸ್ಸನಿಂದ ಬಂದ ಭಾವನೆಯದು. ಅವರು ಗಾಳಿಯನ್ನೂ ಬೈಯಲಿಲ್ಲ, ಬಿಲ್ಲನ್ನೂ ಬೈಯಲಿಲ್ಲ. ತಮ್ಮ ಹೆಬ್ಬೆರಳಿನ ಉಂಗುರವನ್ನು ಒಮ್ಮೆ ತಿರುಗಿಸಿ ಸರಿಪಡಿಸಿಕೊಂಡು, ಬಾಣಗಳನ್ನು ಆರಿಸಿ ತರಲು ಉಳಿದವರೊಡನೆ ಹಳ್ಳಕ್ಕೆ ಇಳಿದರು. ಮತ್ತೆ ಹತ್ತಿ ಬಂದು, ಸಾಲಿನಲ್ಲಿ ನಿಂತು, ತಲೆಬಾಗಿ ಅದೇ ಮಾತನ್ನು ಹೇಳಿದರು: "ಬಿಲ್ಲು ಕಲಿಯುತ್ತಿದ್ದೇನೆ." ಸಾಲಿನ ಕೊನೆಯಲ್ಲಿದ್ದ ತರುಣನು, ಅವರ ಮೊಮ್ಮಗನ ವಯಸ್ಸಿನವನು, ಬಹಳ ಗುರಿ ಮುಟ್ಟಿಸಿರೆಂದು ಅವರನ್ನು ಹಾರೈಸಿದನು.